ನೀರು ಹನಿಸಿ ಕೊಯ್ದ ಶೀಟು

ಕೂತಲ್ಲಿ ಕೂಡುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು ಎಂದು ನನ್ನ ಸೋದರತ್ತೆ ಬೈಯುತ್ತಿದ್ದಳು. ಬೈದದ್ದು ಫಲಿಸಿತೋ ಏನೋ, ದೊಡ್ಡವಳಾಗಿ ಸರ್ಕಾರಿ ಬಸ್ಸಿನ ಕಂಡಕ್ಟರ್ ಆದೆ. ಅಥಣಿಯಿಂದ ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ. ಮೇಲಿನವರಿಗೆ ನನ್ನ ಮೇಲೆ ಸಿಟ್ಟಿದ್ದ ದಿನ ಕಾಗವಾಡ. ಹಗಲೆಲ್ಲ ನಿಂತು ಬಂದವಳು ಮನೆಯಲ್ಲಾದರೂ ಕೂಡಬೇಕಲ್ಲ, ಅದೂ ಇಲ್ಲ. ಒಲೆಯ ಮುಂದೆ ಒಂದು ಗಳಿಗೆ, ಹಿತ್ತಲಲ್ಲಿ ಒಂದು ಗಳಿಗೆ. ಮದುವೆಯೂ ಆಗಿತ್ತು, ಅದೂ ನಿಲ್ಲಲಿಲ್ಲ. ಆ ಮಾತು ಬೇರೆ.

ಇಂಥ ನನ್ನನ್ನು ಒಂದು ಫೈಬರ್ ಶೀಟು ಇಡೀ ಕಬ್ಬಿನ ಹಂಗಾಮು ಕಾಡಿಸಿತು. ಗಾಜಿನ ಎಳೆಗಳನ್ನು ಅಂಟಿನಲ್ಲಿ ಅದ್ದಿ ಮಾಡಿದ ಹಾಳೆ ಅದು. ಚಾವಣಿಗೆ ಹೊದಿಸುವ ತಗಡಿಗೆ ನಮ್ಮ ಕಡೆ ಪತ್ರಾಸು ಅನ್ನುತ್ತೇವೆ. ಈ ಶೀಟೂ ಪತ್ರಾಸಿನ ಹಾಗೆಯೇ ಅಲೆ ಅಲೆಯಾಗಿರುತ್ತದೆ, ಆದರೆ ಬೆಳಕನ್ನು ಒಳಗೆ ಬಿಡುತ್ತದೆ. ಬೆಳ್ಳಗೆ, ಹಗುರಾಗಿ, ನೋಡಲು ಬಹಳ ಸಭ್ಯ. ಕೊಯ್ಯಲು ಹೋದಾಗಲೇ ಅದರ ಗುಣ ಗೊತ್ತಾಗುವುದು. ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಪುಡಿ ಏಳುತ್ತದೆ. ಮೈಮೇಲೆ ಕೂತರೆ ತುರಿಕೆ, ಮೂಗಿನೊಳಗೆ ಹೋದರೆ ಕೆಮ್ಮು. ಗಟ್ಟಿ ಎದೆಯವರಿಗೆ ಅಷ್ಟೇ. ನನ್ನ ಅಪ್ಪನ ಎದೆ ಗಟ್ಟಿ ಇರಲಿಲ್ಲ.

ಅಪ್ಪ ಕುರಿ ಕಾಯ್ದವನು. ಮಂಡಿ ನಡೆಯುವುದಿಲ್ಲ ಎಂದಾಗ ಕುರಿಗಳನ್ನು ಕೊಟ್ಟ, ಕದರನ್ನು ಕೊಡಲಿಲ್ಲ. ಕದರು ಅಂದರೆ ಉಣ್ಣೆ ನೂಲುವ ಕಡ್ಡಿ. ತೊಡೆಯ ಮೇಲೆ ಒಮ್ಮೆ ಉಜ್ಜಿ ಬಿಟ್ಟರೆ ಗಿರ್‍ರನೆ ತಿರುಗುತ್ತ ನೂಲು ಎಳೆಯುತ್ತದೆ. ಬಂಧುಗಳ ಹಿಂಡಿನಿಂದ ಕರಿ ಉಣ್ಣೆ ತರಿಸಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ನೂಲುತ್ತಿದ್ದ. ಆ ನೂಲಿನಿಂದ ಕಂಬಳಿ ಆಗುತ್ತಿತ್ತು. ಯಾರಿಗೆ ಬೇಕು ಇಷ್ಟು ಕಂಬಳಿ ಎಂದು ಕೇಳಿದರೆ, "ಚಳಿ ಬಿದ್ದಾಗ ಕೇಳಾಕ ಬಾ" ಎನ್ನುತ್ತಿದ್ದ.

ಸತ್ತಿ ಊರಿನ ನಮ್ಮ ಮನೆಗೆ ಮೊದಲು ಮಣ್ಣಿನ ಮಾಳಿಗೆ ಇತ್ತು, ಅದರ ನಡುವೆ ಒಂದು ಬೆಳಕಿಂಡಿ. ಪಡಸಾಲೆಗೆ ಕಿಟಕಿ ಇಲ್ಲ. ಬೆಳಕೆಲ್ಲ ಆ ಕಿಂಡಿಯಿಂದಲೇ ಇಳಿಯಬೇಕು. ಅಪ್ಪ ಬಿಸಿಲಿನ ಚೌಕ ಸರಿದಂತೆ ತಾನೂ ಸರಿಯುತ್ತ ಅದರ ಕೆಳಗೆ ನೂಲುತ್ತಿದ್ದ. ಹೊಳೆ ಊರೊಳಗೆ ಬಂದ ವರ್ಷ ಮಾಳಿಗೆ ನೆನೆದು ಕುಸಿಯಿತು. ಆಮೇಲೆ ಪತ್ರಾಸು ಹೊದಿಸಿದೆವು. ಅವಸರದಲ್ಲಿ ಬೆಳಕಿಂಡಿಯನ್ನು ಯಾರೂ ನೆನೆಯಲಿಲ್ಲ. ಪಡಸಾಲೆ ಕತ್ತಲಾಯಿತು. ಬಲ್ಬು ಹಾಕಿಕೊಟ್ಟರೆ, "ಕರೇ ಉಣ್ಣಿ ಬಲ್ಬಿಗೆ ಕಾಣೂದಿಲ್ಲ" ಎಂದು ಅಪ್ಪ ಬಾಗಿಲ ಹೊರಗಿನ ಕಟ್ಟೆಗೆ ಹೋಗಿ ಕೂತ.

ಕಟ್ಟೆಯ ಮುಂದೆಯೇ ರಸ್ತೆ. ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರಾಲಿ ಎಳೆದುಕೊಂಡು ಕಾರ್ಖಾನೆಗೆ ಹೋಗುತ್ತಲೇ ಇರುತ್ತವೆ. ಅವು ಎಬ್ಬಿಸಿದ ಧೂಳು ಸಂಜೆಯಾದರೂ ಇಳಿಯುವುದಿಲ್ಲ. ಅಪ್ಪನಿಗೆ ಮೊದಲು ಕೆಮ್ಮು, ಆಮೇಲೆ ದಮ್ಮು, ಆಮೇಲೆ ಬಾಯಿಗೆ ಒತ್ತಿಕೊಳ್ಳುವ ಪಂಪು. ಅಥಣಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, "ಧೂಳಿನಿಂದ ದೂರ ಇಡ್ರಿ. ಇನ್ನೊಮ್ಮೆ ಜೋರಾಗಿ ಎದಿ ಕಟ್ಟಿದ್ರ ನಾ ಏನೂ ಹೇಳಾಕ ಬರೂದಿಲ್ಲ" ಅಂದರು. ಆ ಮಾತು ಕೇಳಿದ ದಿನದಿಂದ ನನಗೆ ಟಿಕೆಟ್ ಹರಿಯುವಾಗಲೂ ಕಿವಿಯಲ್ಲಿ ಅಪ್ಪನ ಉಸಿರೇ ಸುಯ್ಯೆನ್ನುತ್ತಿತ್ತು.

ಒಳಗೆ ಕೂಡು ಅಂದರೆ ಕತ್ತಲು ಅನ್ನುತ್ತಾನೆ. ಹೊರಗೆ ಕೂಡಬೇಡ ಅಂದರೆ ಕದರು ಎತ್ತಿಕೊಂಡು ಹೊರಗೇ ಹೋಗುತ್ತಾನೆ. ಹಾಗಾದರೆ ಬೆಳಕನ್ನೇ ಒಳಗೆ ತರೋಣ ಎಂದು ಚಿಕ್ಕೋಡಿಯಲ್ಲಿ ಶೀಟು ಕೊಂಡು, ಟಂಟಂ ಗಾಡಿಯ ಮೇಲೆ ಹಗ್ಗ ಬಿಗಿದು ತರಿಸಿದೆ. ಕುಡಚಿಯಿಂದ ಪತ್ರಾಸಿನ ಮೇಸ್ತ್ರಿಯನ್ನು ಕರೆಸಿದೆ. ನನ್ನ ವಾರಿಗೆಯವನು, ಕೆಲಸದಲ್ಲಿ ಚುರುಕು, ಬಾಯಲ್ಲಿ ಇನ್ನೂ ಚುರುಕು. ಒಂದು ಪತ್ರಾಸು ಬಿಚ್ಚಿ ಆ ಜಾಗದಲ್ಲಿ ಶೀಟು ಕೂರಿಸಿದರೆ ಆಯಿತು, ಅರ್ಧ ದಿನದ ಕೆಲಸ ಎಂದ.

ಅರ್ಧ ದಿನದ ಕೆಲಸ ಕೆಡಿಸಿದ್ದು ನಮ್ಮ ಮನೆಯ ಸೊಟ್ಟ ಗೋಡೆ. ಅಜ್ಜ ಕಟ್ಟಿದ್ದು, ಪಡಸಾಲೆ ಒಂದು ಕಡೆ ಅಗಲ, ಇನ್ನೊಂದು ಕಡೆ ಚಿಕ್ಕದು. ಅಂಗಡಿಯಲ್ಲೇ ಅಳತೆಗೆ ಕೊಯ್ಸಿ ತರುವ ಹಾಗಿಲ್ಲ. ಮೇಲಿಟ್ಟು ಗೆರೆ ಎಳೆದು, ಕೆಳಗಿಳಿಸಿ, ಉದ್ದಕ್ಕೂ ಓರೆಯಾಗಿ ಕೊಯ್ದು, ಮತ್ತೆ ಇಟ್ಟು ನೋಡಬೇಕು. ಹೊಳೆದಂಡೆಗೆ ಒಯ್ದು ಕೊಯ್ಯಿರಿ ಅಂದೆ. ಒಯ್ದರು. ಅಲ್ಲಿಯ ಗಾಳಿಗೆ ಶೀಟು ಎದ್ದು ಮೇಸ್ತ್ರಿಯನ್ನೇ ಎತ್ತಿಕೊಂಡು ಹೋಗುವಂತಾಯಿತು. ತಿರುಗಿ ಅಂಗಳಕ್ಕೆ ತಂದರು.

ಸರಿ, ಅಪ್ಪನನ್ನೇ ಒಂದು ದಿನ ಅಂಕಲಿಯ ದೊಡ್ಡಪ್ಪನ ಮನೆಗೆ ಕಳಿಸೋಣವೆಂದು ನಾನೂ ಸೋದರತ್ತೆಯೂ ಗುಸುಗುಸು ಮಾತಾಡಿಕೊಂಡೆವು. ಅಪ್ಪನ ಎದೆ ಕೆಟ್ಟಿದೆ, ಕಿವಿ ಕೆಟ್ಟಿಲ್ಲ.

"ಕುರಿ ಕೇಳಿ ಮಸಾಲಿ ಅರೀತಾರೇನ?" ಎಂದ ಒಳಗಿನಿಂದ. "ನಡೀರಿ ನಡೀರಿ, ಅರೀರಿ. ನಾ ಅಂತೂ ಎಲ್ಲೂ ಹೋಗಾಂವಲ್ಲ."

"ಒಂದ ದಿನದ ಮಾತ ಯಪ್ಪಾ."

"ನಮ್ಮ ಅಣ್ಣನ್ನೂ ಒಂದ ದಿನ ಅಂತ ಹೇಳೇ ಮಿರಜಿಗಿ ಒಯ್ದ್ರು. ತಿರುಗಿ ಬಂದಾಗ ಅಂವಗ ಮನಿ ಕಾಣಲಿಲ್ಲ."

ಅಂಕಲಿಯ ದೊಡ್ಡಪ್ಪನಿಗಿಂತಲೂ ದೊಡ್ಡವನಾದ ಅಣ್ಣ ಮಿರಜಿನ ಆಸ್ಪತ್ರೆಯಲ್ಲೇ ತೀರಿಕೊಂಡದ್ದನ್ನು ಅಪ್ಪ ಹೀಗೆ ಹೇಳುತ್ತಿದ್ದ. ಅದಾದ ಮೇಲೆ ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗಿರಲಿಲ್ಲ. ಎಳೆದುಕೊಂಡು ಹೋಗಲು ಅವನೇನು ಮರಿಯೇ? ನನಗೆ ಸಿಟ್ಟು ಬಂತು, ಸಿಟ್ಟಿನಲ್ಲೇ ಪಡಸಾಲೆಯ ಬಾಗಿಲು ಹಾಕಿ ಹೊರಗಿನಿಂದ ಚಿಲಕ ಎಳೆದೆ. ಒಳಗಿನಿಂದ ಅಪ್ಪ, "ದನಕ್ಕ ಹಾಕಿದಂಗ ಹಾಕ್ತಾಳ ನೋಡ" ಎಂದ.

ಅಷ್ಟರಲ್ಲಿ ಮೇಸ್ತ್ರಿ ಗ್ರೈಂಡರಿನ ವೈರನ್ನು ಪ್ಲಗ್ಗಿಗೆ ಸಿಕ್ಕಿಸಿದ್ದ. "ಒಂದ ನಿಮಿಷದ ಕೆಲಸ ಐತ್ರಿ ಅಕ್ಕಾರ, ಝರ್‍ರ್ ಅಂತ ಹೊಡದ ಬಿಡ್ತೀನಿ." ಗ್ರೈಂಡರು ಕೂಗಿತು. ಕೂಗಿದ ಜಾಗದಿಂದ ಬಿಳಿ ಹೊಗೆ ಎದ್ದಿತು. ಹೊಗೆಯಲ್ಲ, ಪುಡಿ. ಒಂದು ಗೇಣು ಕೊಯ್ದಿರಲಿಲ್ಲ, ಅದು ಮೇಸ್ತ್ರಿಯ ಹುಬ್ಬು ಬೆಳ್ಳಗೆ ಮಾಡಿ, ಬಾಗಿಲ ಸಂದಿನ ಕಡೆಗೆ ಹೊರಟಿತ್ತು. ಪತ್ರಾಸು ಬಿಚ್ಚಿದ ಜಾಗ ಮೇಲೆ ಬಾಯಿ ತೆರೆದುಕೊಂಡೇ ಇತ್ತು. ಬಾಗಿಲಿಗೆ ಚಿಲಕ ಹಾಕಿ ಏನು ಬಂತು? ಒಳಗೆ ಅಪ್ಪ ಒಮ್ಮೆ ಕೆಮ್ಮಿದ. ನಾನು ಓಡಿ ಹೋಗಿ ವೈರು ಹಿಡಿದು ಜಗ್ಗಿದೆ. ಪ್ಲಗ್ಗು ಕಿತ್ತು ಕೈಗೆ ಬಂತು.

"ಯಾರನ್ನ ಕೊಲ್ಲಾಕ ಬಂದೀರಿ ನೀವು?"

"ಕೊಲ್ಲೂ ಮಂದಿ ಅಲ್ರಿ ನಾವು. ಪತ್ರಾಸ ಹಾಕೂ ಮಂದಿ."

"ನೀರ ಹಾಕಿ ಕೊಯ್ರಿ ಹಂಗಾರ."

"ಗ್ರೈಂಡರಿಗೆ ನೀರ ಹಾಕಿದ್ರ ಕರೆಂಟ ಹೊಡೀತೈತ್ರಿ. ನಿಮ್ಮ ಅಪ್ಪಾರಿಗಿಂತ ಮೊದಲ ನಾ ಹೋಗ್ತೀನಿ!"

ಅವನ ಮಾತಿನಲ್ಲಿ ತಪ್ಪಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ನಾನು ಬಾಯಿಗೆ ಬಂದದ್ದು ಅಂದೆ. ಅವನು ಬಿಚ್ಚಿದ ಪತ್ರಾಸನ್ನೇ ತಿರುಗಿ ಮೇಲೆ ಹಾಕಿ, ಗ್ರೈಂಡರು ಚೀಲಕ್ಕೆ ತುಂಬಿ, ಸಲಾಮೂ ಹೇಳದೆ ಹೊರಟುಹೋದ. ಬಾಗಿಲು ತೆಗೆದೆ. ಅಪ್ಪ ಮೊಣಕೈ ಪರಪರ ಕೆರೆದುಕೊಳ್ಳುತ್ತ ಹೊರಗೆ ಬಂದ, ಕದರು ಎತ್ತಿಕೊಂಡು ಕಟ್ಟೆಗೆ ಹೋಗಿ ಕೂತ. ಅವನ ಮುಂದೆ ಒಂದು ಟ್ರ್ಯಾಕ್ಟರು ಹಾದುಹೋಯಿತು.

ಶೀಟು ಗೋಡೆಗೆ ಆನಿಸಿಕೊಂಡು ನಿಂತಿತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಬೆಳಿಗ್ಗೆ ವಸ್ತಿ ಬಸ್ಸು ಹಿಡಿಯಲು ಹೊರಡುವಾಗ ಅದನ್ನು ನೋಡುವುದು, ಸಂಜೆ ಬಂದು ಮತ್ತೆ ಅದನ್ನೇ ನೋಡುವುದು. ಊರಲ್ಲಿ ರಾತ್ರಿ ತಂಗಿ ಬೆಳಿಗ್ಗೆ ಹೊರಡುವುದಕ್ಕೆ ವಸ್ತಿ ಬಸ್ಸು ಅನ್ನುತ್ತಾರೆ. ಅದು ಹೊರಡುವಾಗಲೂ ಸಂಜೆ ಬರುವಾಗಲೂ ನಮ್ಮ ಓಣಿಯ ತಿರುವಿನಲ್ಲಿ ಹಾರ್ನು ಹೊಡೆಯುತ್ತದೆ. ಆ ಹಾರ್ನಿನ ಮೇಲೆಯೇ ನಮ್ಮ ಮನೆಯ ಗಡಿಯಾರ ನಡೆಯುತ್ತಿತ್ತು.

ಮನಸ್ಸಿಗೆ ಸಮಾಧಾನ ಇಲ್ಲದಾಗ ಜನ ದೇವರ ಹತ್ತಿರ ಹೋಗುತ್ತಾರೆ. ನನ್ನ ಹತ್ತಿರ ಬಸ್ಸಿನ ತುಂಬ ಜನ ಇದ್ದರು, ಅವರನ್ನೇ ಕೇಳತೊಡಗಿದೆ. ಟಿಕೆಟ್ ಕೊಟ್ಟು ಚಿಲ್ಲರೆ ಕೊಡುವ ಮೊದಲು, "ಫೈಬರ್ ಶೀಟ ಧೂಳ ಏಳದಂಗ ಹ್ಯಾಂಗ ಕೊಯ್ಯೂದ್ರಿ?" ರಾಯಬಾಗದ ಮುದುಕನೊಬ್ಬ, "ಕೊಯ್ಯೂದ ಯಾಕ, ಮಡಚಿ ಹಾಕ್ರಿ" ಎಂದು ಪರಿಹಾರ ಕೊಟ್ಟ. ಕಾಗವಾಡದಲ್ಲಿ ಹತ್ತಿದ ಗ್ಯಾರೇಜಿನವನು ಮರಾಠಿಯಲ್ಲಿ, "ಪಾಣೀ ಘಾಲಾ ಕೀ, ಬಾಯಿ" ಎಂದ. ನೀರು ಹಾಕಿದರೆ ಕರೆಂಟು ಹೊಡೆಯುತ್ತದಲ್ಲ ಎಂದೆ. ಅವನು ನಕ್ಕ. ಮಷಿನ್ನು ಯಾರು ಹಚ್ಚು ಅಂದರು, ಕೈಯಿಂದ ಕೊಯ್ಯಿರಿ, ಆಕ್ಸಾ ಬ್ಲೇಡು ತಗೊಳ್ಳಿ, ಸಣ್ಣ ಹಲ್ಲಿನದು ಎಂದ. ಕಬ್ಬಿಣ ಕೊಯ್ಯುವ ಬ್ಲೇಡು ಅದು. ನಿಪ್ಪಾಣಿಯ ತಂಬಾಕಿನ ಗೋದಾಮಿಗೆ ಹೋಗುವ ಹೆಂಗಸರಂತೂ ನನ್ನ ಪ್ರಶ್ನೆಗೆ ಬಿದ್ದು ಬಿದ್ದು ನಕ್ಕರು. ಧೂಳಿನಲ್ಲೇ ಹೊಟ್ಟೆ ಹೊರೆಯುವವರು ಅವರು. "ಒಣ ಎಲಿ ಮುಟ್ಟಿದ್ರ ಘಾಟ ಏಳತೈತಿ. ಮೊದಲ ನೀರ ಚಿಮಕಸ್ತೇವಿ, ಆಮ್ಯಾಲ ಮುಟ್ಟತೇವಿ. ನಿನಗ ಇಷ್ಟೂ ತಿಳೀದಿಲ್ಲೇನವಾ?" ಎಂದಳು ಒಬ್ಬಳು. ತಿಳಿಯಲಿಲ್ಲ ಎಂದು ಒಪ್ಪಿಕೊಂಡು ಚಿಲ್ಲರೆ ಕೊಟ್ಟೆ.

ರಜೆ ಹಾಕಿ ಕುಡಚಿಗೆ ಹೋಗಿ ಮೇಸ್ತ್ರಿಯ ಅಂಗಡಿಯ ಮುಂದೆ ನಿಂತೆ. ಕ್ಷಮಿಸಿ ಅನ್ನುವ ಮಾತು ನನ್ನ ಬಾಯಿಂದ ಸುಲಭವಾಗಿ ಬರುವುದಿಲ್ಲ. "ಹೊಸ ಪ್ಲಗ್ಗ ತಂದೇನಿ" ಅಂದೆ. ಅವನು ಪ್ಲಗ್ಗು ತಿರುವಿ ನೋಡಿ, "ಛಲೋ ಕಂಪನೀದ ಐತಿ" ಎಂದು ನಕ್ಕ. ಕೈಯಿಂದ ಕೊಯ್ಯೋಣ ಅಂದದ್ದಕ್ಕೆ, "ಕೈ ಹೋಗ್ತಾವ, ದಿನ ಹೋಗ್ತೈತಿ. ಆದ್ರ ಆಗ್ತೈತ್ರಿ" ಎಂದ.

ಆ ದಿನದ ಕೆಲಸ ನನಗೆ ಈಗಲೂ ಕೈಯಲ್ಲೇ ಇದೆ. ಅಂಗಳದ ಫರಸಿ ಕಲ್ಲಿನ ಮೇಲೆ ಹಳೆಯ ಗೋಣಿಚೀಲಗಳನ್ನು ತೋಯಿಸಿ ಹಾಸಿದೆವು. ಅದರ ಮೇಲೆ ಬಿಚ್ಚಿದ ಪತ್ರಾಸು, ಅದರ ಮೇಲೆ ಶೀಟು, ಅಲೆಯೊಳಗೆ ಅಲೆ ಕೂರುವ ಹಾಗೆ. ಕೆಳಗೆ ಹೀಗೆ ಆಧಾರ ಇದ್ದರೆ ಕೊಯ್ಯುವಾಗ ಶೀಟು ನಡುಗುವುದಿಲ್ಲ, ನಡುಗದಿದ್ದರೆ ಅಂಚು ಸಿಬಿರೇಳುವುದಿಲ್ಲ. ಗೆರೆಯ ಉದ್ದಕ್ಕೂ ಅಂಟು ಟೇಪು ಒತ್ತಿದೆವು, ಅದೂ ಎಳೆ ಬಿಚ್ಚದ ಹಾಗೆ ಹಿಡಿದುಕೊಳ್ಳುತ್ತದೆ. ಉದ್ದದ ಕೊಯ್ತಕ್ಕೆ ಬ್ಲೇಡಿನ ಚೌಕಟ್ಟು ಅಡ್ಡ ಬರುತ್ತದೆಂದು ಬರೀ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿ ಮಾಡಿಕೊಂಡೆವು. ಇಬ್ಬರೂ ತುಂಬುತೋಳಿನ ಅಂಗಿ, ಮೂಗು ಬಾಯಿಗೆ ಮಾಸ್ಕು, ಅದರ ಮೇಲೆ ಒದ್ದೆ ಟವೆಲ್ಲು.

ಪಡಸಾಲೆಯ ಬಾಗಿಲಿಗೂ ಮೇಲಿನ ಸಂದಿಗೂ ಒದ್ದೆ ಕಂಬಳಿ ಇಳಿಬಿಟ್ಟಿದ್ದೆ. ಅಪ್ಪ ಅದರ ಹಿಂದಿನಿಂದ, "ಏನ ಮಾಡಾಕತ್ತೀರಿ ಈಗ?" ಎಂದು ಗಳಿಗೆಗೊಮ್ಮೆ ಕೇಳುತ್ತಿದ್ದ.

"ನೀರ ಹಾಕಾಕತ್ತೀನಿ!"

"ಹಾಕ್ರಿ. ತೊಳೀಲಾರದ ಕುರಿಗಿ ಯಾರೂ ಕತ್ತರಿ ಹಚ್ಚೂದಿಲ್ಲ."

ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಹೊಳೆಗೆ ಇಳಿಸಿ ತೊಳೆಯುತ್ತಿದ್ದದ್ದು ನನಗೂ ನೆನಪಿತ್ತು. ಮೇಸ್ತ್ರಿ ಬ್ಲೇಡು ಎಳೆಯುತ್ತಿದ್ದ, ನಾನು ಚರಿಗೆಯಿಂದ ಗೆರೆಯ ಮೇಲೆ ಹನಿಹನಿಯಾಗಿ ನೀರು ಬಿಡುತ್ತಿದ್ದೆ. ಬ್ಲೇಡು ಮಲಗಿಸಿ ಎಳೆದಷ್ಟೂ ಶಾಂತವಾಗಿ ಕೊಯ್ಯುತ್ತದೆ, ನೆಟ್ಟಗೆ ಹಿಡಿದರೆ ಕಚ್ಚುತ್ತದೆ. ಪುಡಿ ಮೇಲೇಳಲೇ ಇಲ್ಲ. ಗಂಜಿಯ ಹಾಗೆ ಬೆಳ್ಳಗಾಗಿ ಅಲೆಯ ತಗ್ಗಿನಲ್ಲಿ ಹರಿದು ಗೋಣಿಗೆ ಇಳಿಯಿತು. ನನಗೆ ನಿಧಾನ ಅನ್ನುವುದು ಶಿಕ್ಷೆ. "ಜಲ್ದಿ ಜಲ್ದಿ" ಎಂದು ನಾನೇ ಎಷ್ಟು ಸಲ ಅಂದೆನೋ, ಮೇಸ್ತ್ರಿ, "ನಿಮ್ಮ ಬಸ್ಸಿನ ಹಿಂದ ಬರದೈತಲ್ರಿ, ಅವಸರವೇ ಅಪಘಾತಕ್ಕೆ ಕಾರಣ ಅಂತ. ಓದಿಲ್ಲೇನು?" ಎಂದು ಚುಚ್ಚಿದ. ಅವನು ದಣಿದಾಗ ನಾನು ಬ್ಲೇಡು ಹಿಡಿದೆ, ಅವನು ಚರಿಗೆ ಹಿಡಿದ. ಮಧ್ಯಾಹ್ನ ಏರುವ ಹೊತ್ತಿಗೆ ಉದ್ದನೆಯ ಪಟ್ಟಿ ಬೇರೆಯಾಯಿತು. ಅಂಚಿಗೆ ಒದ್ದೆ ಬಟ್ಟೆ ಎಳೆದು ಒರೆಸಿದೆ. ಬೆಣ್ಣೆ ಕೊಯ್ದಷ್ಟು ನುಣ್ಣಗೆ.

ಶೀಟು ಮೇಲೇರಿತು, ಸೊಟ್ಟ ಗೋಡೆಗೆ ಸೊಟ್ಟಗೇ ಸರಿಯಾಗಿ ಕೂತಿತು. ಪಡಸಾಲೆಯಲ್ಲಿ ಬೆಳಕು ಇಳಿಯಿತು. ಕಿಂಡಿಯ ಚೌಕವಲ್ಲ, ಹಾಸಿಗೆಯಷ್ಟು ಅಗಲದ ಬೆಳಕು. ಅಪ್ಪ ಮೇಲೆ ನೋಡಿ, ಕೆಳಗೆ ನೋಡಿ, ಒಂದು ಹಿಡಿ ಕರಿ ಉಣ್ಣೆ ಎತ್ತಿ ಬೆಳಕಿಗೆ ಹಿಡಿದು, "ಕಾಣತೈತಿ" ಎಂದ. ಅಷ್ಟೇ. ನನಗೆ ಅಳು ಬಂತು, ಟವೆಲ್ಲು ಕಟ್ಟಿಕೊಂಡಿದ್ದರಿಂದ ಯಾರಿಗೂ ಕಾಣಲಿಲ್ಲ.

ಕೈಗಳನ್ನು ತಣ್ಣೀರಿನಲ್ಲಿ ತೊಳೆದೆವು. ಬಿಸಿನೀರು ಹಾಕಿದರೆ ತುರಿಕೆ ಒಳಗಿಳಿಯುತ್ತದೆ ಎಂದು ಮೇಸ್ತ್ರಿ ಎಚ್ಚರಿಸಿದ್ದ. ಬಟ್ಟೆಗಳನ್ನು ಬೇರೆ ಬಕೆಟ್ಟಿಗೆ ಹಾಕಿದೆ. ಗೋಣಿಚೀಲಗಳು ಮಾತ್ರ ಉಳಿದವು. ಅವನ್ನು ಒದ್ದೆ ಇದ್ದಾಗಲೇ ಸುತ್ತಿ ಹಿತ್ತಲಲ್ಲಿ ಹೂಳಬೇಕಿತ್ತು. ಅಷ್ಟರಲ್ಲಿ ಡಿಪೋದಿಂದ ಫೋನು ಬಂತು. ಅಥಣಿಯಿಂದ ಕಾಗವಾಡದ ಒಂದು ಸರತಿಗೆ ಕಂಡಕ್ಟರ್ ಇಲ್ಲ, ಬಂದು ಹೋಗು ಎಂದರು. ನನ್ನ ಕಾಲಿನ ಚಕ್ರ, ಒಲ್ಲೆ ಅನ್ನಲು ಬರಲಿಲ್ಲ. "ಅತ್ತಿ, ಚೀಲಾ ಮುಟ್ಟಬ್ಯಾಡ, ನಾ ಬಂದು ತೆಗೀತೀನಿ" ಎಂದು ಹೇಳಿ ಓಡಿದೆ.

ಅತ್ತೆ ಅಪ್ಪನ ಬೆನ್ನಿಗೆ ಹುಟ್ಟಿದ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂದವಳು ನನ್ನನ್ನೂ ಅಪ್ಪನನ್ನೂ ಒಂದೇ ಕೈಯಲ್ಲಿ ಸಾಕಿದಳು. ನಾನು ಮುಟ್ಟಬೇಡ ಅಂದದ್ದನ್ನು ಅವಳು ಮುಟ್ಟಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಗೋಣಿ ಒಣಗಿತು, ಆಗಲೂ ಮುಟ್ಟಲಿಲ್ಲ. ಹೊತ್ತು ಇಳಿಯಿತು. ದೀಪ ಹಚ್ಚುವ ಹೊತ್ತು ಹತ್ತಿರವಾಯಿತು. ನಮ್ಮಲ್ಲಿ ದೀಪ ಹಚ್ಚುವುದರೊಳಗೆ ಅಂಗಳ ಗುಡಿಸಿರಬೇಕು. ಹಚ್ಚಿದ ಮೇಲೆ ಕಸಬರಿಗೆ ಹಿಡಿಯುವ ಹಾಗಿಲ್ಲ, ಹಿಡಿದರೆ ಮನೆಯ ಲಕ್ಷ್ಮಿಯೇ ಕಸದ ಜೊತೆ ಹೊರಗೆ ಹೋಗುತ್ತಾಳೆ. ನಾನು ಬರುವ ಬಸ್ಸು ತಡವಾಯಿತು. ಅದೂ ಅಂಥ ಶುಭದ ದಿನ, ಮನೆಗೆ ಬೆಳಕು ಬಂದ ದಿನ. ಅಂಗಳದಲ್ಲಿ ಹೊಲಸು ಗೋಣಿ ಬಿದ್ದಿರಲು ಅವಳು ಹೇಗೆ ಬಿಟ್ಟಾಳು?

ಬಸ್ಸು ಇಳಿದು ಓಣಿಗೆ ತಿರುಗಿದಾಗ ನನಗೆ ಮೊದಲು ಕೇಳಿದ್ದು ಸದ್ದು. ಫಟ್, ಫಟ್. ಗೋಡೆಯ ಮೂಲೆಗೆ ಗೋಣಿ ಬಡಿಯುವ ಸದ್ದು. ಆಮೇಲೆ ಕಂಡಿತು. ಇಳಿಬಿಸಿಲಿನಲ್ಲಿ ನಮ್ಮ ಅಂಗಳದ ತುಂಬ ಬಿಳಿಯ ಪುಡಿ ನಿಂತಿತ್ತು, ನಡುವೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಸಬರಿಗೆ ಆಡಿಸುತ್ತಿದ್ದಳು. ಪಡಸಾಲೆಯ ಬಾಗಿಲು ಹಾರುಹೊಡೆದಿತ್ತು. ಕಂಬಳಿ ಒಣಹಾಕಿತ್ತು.

ನಾನು ಏನು ಕೂಗಿದೆನೋ ನನಗೆ ಗೊತ್ತಿಲ್ಲ. ಅತ್ತೆ ಕಸಬರಿಗೆ ಕೈಬಿಟ್ಟು ಬೆದರಿ ನಿಂತಳು. ಒಳಗೆ ಅಪ್ಪ ಹೊಸ ಬೆಳಕಿನಲ್ಲಿ ಎರಡೂ ಕೈ ನೆಲಕ್ಕೆ ಊರಿ, ಬಾಯಿ ತೆರೆದು ಉಸಿರನ್ನು ಹುಡುಕುತ್ತಿದ್ದ. ಕದರು ದೂರ ಉರುಳಿ ಬಿದ್ದಿತ್ತು. ಪಂಪು ಒತ್ತಿದೆ, ಮತ್ತೆ ಒತ್ತಿದೆ. ತುಟಿ ನೀಲಿಗೆ ತಿರುಗಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ಅಥಣಿಗೆ ಒಯ್ದೆವು. ಮನೆ ಬಿಡುವಾಗ ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಆ ಬೆರಳುಗಳನ್ನು ಬಿಡಿಸಿದವಳು ನಾನೇ.

ಉಳಿದ. ಈ ಮಾತನ್ನು ನಾನು ಮೊದಲೇ ಹೇಳಿಬಿಡಬೇಕು. ಆಸ್ಪತ್ರೆಯಲ್ಲಿ ಅವನ ಮೂಗಿಗೆ ನಳಿಗೆ ಹಾಕಿ ಮಲಗಿಸಿದಾಗ, ನಾನು ವರಾಂಡದಲ್ಲಿ ಆ ಕಡೆಯಿಂದ ಈ ಕಡೆ ತಿರುಗುತ್ತಲೇ ಇದ್ದೆ. ಅತ್ತೆ ಗೋಡೆಗೆ ಆತು ಕೂತು, "ದೀಪ ಹಚ್ಚೂ ಹೊತ್ತಾಗಿತ್ತವಾ, ದೀಪ ಹಚ್ಚೂ ಹೊತ್ತಾಗಿತ್ತು" ಎಂದು ಅಷ್ಟನ್ನೇ ಹೇಳುತ್ತಿದ್ದಳು. ಅವಳ ಮೇಲೆ ರೇಗಲು ಬಾಯಿ ತೆರೆದಾಗಲೆಲ್ಲ ಅವಳ ತೋಳು ಕಾಣುತ್ತಿತ್ತು. ಮೊಣಕೈವರೆಗೆ ಕೆಂಪಗೆ ತರಚಿ ಹೋಗಿತ್ತು. ಅವಳೂ ಆ ಪುಡಿಯನ್ನೇ ಕುಡಿದಿದ್ದಳಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ತುತ್ತನ್ನು ತಪ್ಪಿಸಿದವರ ಕೈಯೂ ಉರಿಯುತ್ತಿದ್ದರೆ ಯಾರನ್ನು ಬೈಯುವುದು? ಅವಳ ಕೈಗೆ ಟೇಪು ಒತ್ತಿ ಒತ್ತಿ ಗಾಜಿನ ಎಳೆ ಕಿತ್ತು, ತಣ್ಣೀರು ಹಾಕಿದೆ.

ಅಪ್ಪ ಮನೆಗೆ ಬಂದ, ಮನೆಯನ್ನು ಕಂಡ. ಬರುವ ಮೊದಲು ನಾನೂ ಅತ್ತೆಯೂ ಗೋಡೆ, ನೆಲ, ಗೂಟ, ಗಡಿಗೆ ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿದ್ದೆವು. ಕಸಬರಿಗೆಯನ್ನು ಅತ್ತೆ ತಾನೇ ಹಿತ್ತಲಿನ ಆಚೆ ಇಟ್ಟಳು. ಇನ್ನು ಈ ಮನೆಯಲ್ಲಿ ಒಂದು ಕಣ ಧೂಳು ಇಲ್ಲ ಎಂದು ನನಗೆ ಬಹಳ ಹೆಮ್ಮೆಯಾಗಿತ್ತು.

ಅಪ್ಪ ಚೇತರಿಸಿಕೊಂಡು ಕದರು ಹಿಡಿದ ದಿನ ನನಗೆ ವಾರದ ರಜೆ. ನಡುಮಧ್ಯಾಹ್ನ, ಶೀಟಿನ ಅಂಚಿನ ಸಂದಿನಿಂದ ಒಂದು ಬಿಸಿಲಕೋಲು ನೇರವಾಗಿ ಅವನ ಮಡಿಲಿಗೆ ಇಳಿದಿತ್ತು. ಅವನು ಉಣ್ಣೆಯನ್ನು ಬೆರಳಿನಿಂದ ಬಿಡಿಸಿ, ತೊಡೆಯ ಮೇಲೆ ಕದರು ಉಜ್ಜಿ ಬಿಟ್ಟ. ಬಿಟ್ಟ ಕೂಡಲೇ ಆ ಬಿಸಿಲಿನಲ್ಲಿ ನನಗೆ ಕಂಡಿತು. ಕರಿ ಧೂಳು. ಕೂದಲಿಗಿಂತ ಸಣ್ಣ ಎಳೆಗಳು, ಹೊಟ್ಟು, ಒಣಮಣ್ಣು. ಕದರು ತಿರುಗಿದಷ್ಟೂ ಏಳುತ್ತಿತ್ತು, ಅಪ್ಪ ಉಸಿರೆಳೆದಾಗ ಅವನ ಮುಖದ ಕಡೆ ಬಾಗುತ್ತಿತ್ತು, ಬಿಟ್ಟಾಗ ದೂರ ಸರಿಯುತ್ತಿತ್ತು.

ಟ್ರ್ಯಾಕ್ಟರಿನ ಧೂಳು, ಗ್ರೈಂಡರಿನ ಧೂಳು, ಗೋಣಿಯ ಧೂಳು ಎಂದು ನಾನು ಊರೆಲ್ಲ ಜಗಳ ಮಾಡಿಕೊಂಡು ಬಂದಿದ್ದೆ. ಇದು ಬೆಳಕಿಂಡಿಯ ಕೆಳಗೆ ಹುಡುಗನಾಗಿ ಕೂತ ದಿನದಿಂದ ಅವನು ಕುಡಿಯುತ್ತ ಬಂದ ಧೂಳು. ಡಾಕ್ಟರು ಕೆಲಸ ಏನು ಎಂದು ಕೇಳಿದಾಗ ನಾನು ಕುರಿ ಕಾಯೋದು ಅಂದಿದ್ದೆ, ನೂಲುವ ಮಾತು ಎತ್ತಿರಲಿಲ್ಲ.

ಅಪ್ಪ ಕದರು ನಿಲ್ಲಿಸಿ ನನ್ನ ಮುಖ ನೋಡಿದ. ಆಮೇಲೆ ಬಿಸಿಲಿನ ಕಡೆ ನೋಡಿದ.

"ಇದನ್ನೂ ತೋಯಸ್ತೀಯೇನ ಯವ್ವಾ?"

"ನಿನಗ ಗೊತ್ತಿತ್ತೇನ?"

"ಕಾಣತಿರಲಿಲ್ಲ, ಅಷ್ಟ. ತೋಯಿಸಿದ ಉಣ್ಣಿ ನೂಲ ಆಗೂದಿಲ್ಲ."

"ಬಿಟ್ಟ ಬಿಡ ಮತ್ತ."

"ನೀ ಬಸ್ಸ ಬಿಡತೀಯೇನ?"

ನಾನು ಬಸ್ಸಿನ ಬಾಗಿಲಲ್ಲಿ ನಿಂತು ಅದೇ ಕಬ್ಬಿನ ರಸ್ತೆಯ ಧೂಳು ತಿನ್ನುವವಳು. ಬಿಟ್ಟು ಮನೆಯಲ್ಲಿ ಕೂತರೆ ಉಸಿರಿದ್ದೂ ಸತ್ತ ಹಾಗೆ. ಹೋಗಿ ಶೀಟು ಕೊಯ್ಯುವಾಗ ಕಟ್ಟಿಕೊಂಡಿದ್ದ ಟವೆಲ್ಲನ್ನು ತೊಳೆದು ತೋಯಿಸಿ ಹಿಂಡಿ ತಂದೆ. ಅಪ್ಪನ ಮೂಗು ಬಾಯಿ ಮುಚ್ಚುವಂತೆ ಸುತ್ತಿ ಹಿಂದೆ ಗಂಟು ಹಾಕಿದೆ. ಅವನು ಬೇಡ ಅನ್ನಲಿಲ್ಲ. "ದರೋಡಿ ಮಾಡಾಕ ಕಳಸಾಕತ್ತಾಳ ನೋಡ ಮಗಳು" ಎಂದು ತಂಗಿಗೆ ಹೇಳಿ ಕದರು ತಿರುಗಿಸಿದ.

ಈಗ ಅದೇ ಪದ್ಧತಿ. ಬೆಳಿಗ್ಗೆ ವಸ್ತಿ ಬಸ್ಸಿಗೆ ಹೊರಡುವ ಮೊದಲು ಟವೆಲ್ಲು ತೋಯಿಸಿ, ಹಿಂಡಿ, ಕಟ್ಟಿ ಹೋಗುತ್ತೇನೆ. ಸಂಜೆ ಬಂದಾಗ ಅಪ್ಪ ಶೀಟಿನ ಕೆಳಗೆ ಟವೆಲ್ಲು ಕಟ್ಟಿಕೊಂಡೇ ನೂಲುತ್ತಿರುತ್ತಾನೆ. ಎಷ್ಟು ಮಾತು ಕೇಳುವ ಅಪ್ಪ ಎಂದು ಕೆಲವು ದಿನ ನನಗೆ ಬಹಳ ಸಮಾಧಾನವಾಗಿತ್ತು.

ಬಾಯಿ ತಡೆಯಲಾರದೆ ಅತ್ತೆಯೇ ಒಂದು ದಿನ ಹೇಳಿದಳು. ಬೆಳಗಿನ ಬಸ್ಸು ಓಣಿಯ ತಿರುವಿನಲ್ಲಿ ಹಾರ್ನು ಹೊಡೆದ ಕೂಡಲೇ ಅವನು ಟವೆಲ್ಲು ಬಿಚ್ಚಿ ಗೂಟಕ್ಕೆ ಹಾಕುತ್ತಾನಂತೆ. ಬಾಯಿ ಕಟ್ಟಿಕೊಂಡರೆ ಇದ್ದ ಉಸಿರೂ ಹೋಗತೈತಿ ಅನ್ನುತ್ತಾನಂತೆ. ಸಂಜೆಯ ಬಸ್ಸಿನ ಹಾರ್ನು ಕೇಳಿದಾಗ ನೆಲಕ್ಕೆ ಕೈ ಊರಿ ಏಳುತ್ತಾನೆ, ನೀರು ತುಂಬಿಡುವ ಕಲ್ಲಿನ ದ್ವಾಣಿಯವರೆಗೆ ನಡೆಯುತ್ತಾನೆ, ನಡುವೆ ಉಸಿರು ಸಾಲದೆ ಕಂಬ ಹಿಡಿದು ನಿಲ್ಲುತ್ತಾನೆ. ಟವೆಲ್ಲು ನೀರಿಗೆ ಅದ್ದಿ, ಹಿಂಡಲು ಕೈಯಲ್ಲಿ ಬಲವಿಲ್ಲದೆ ಹಾಗೇ ಕಟ್ಟಿಕೊಂಡು ಬಂದು ಕೂಡುತ್ತಾನೆ. "ಅಕಿ ಜೀವಕ್ಕ ಸಮಾಧಾನ ಇರಲಿ ಬಿಡ" ಅನ್ನುತ್ತಾನಂತೆ.

ಆ ಸಂಜೆ ನಾನು ಬಸ್ಸು ಇಳಿದು ಎಂದಿನ ಹಾಗೆ ಓಡಲಿಲ್ಲ. ಓಣಿಯ ತಿರುವಿನಲ್ಲೇ ನಿಂತೆ. ಅಪ್ಪನಿಗೆ ದ್ವಾಣಿಯಿಂದ ತಿರುಗಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು, ಬಾಳಿನಲ್ಲಿ ಮೊದಲ ಸಲ ಒಂದೇ ಕಡೆ ನಿಂತೆ. ಆಮೇಲೆ ಮನೆಗೆ ಹೋದೆ. ಅವನು ಬೆಳಕಿನ ಕೆಳಗೆ ಕೂತಿದ್ದ, ಟವೆಲ್ಲಿನಿಂದ ನೀರು ಅಂಗಿಯ ಮೇಲೆ ಇಳಿಯುತ್ತಿತ್ತು.

"ಬಂದ್ಯಾ?" ಎಂದ.

"ಬಂದ್ನಿ ಯಪ್ಪಾ," ಎಂದು ಅವನ ಪಕ್ಕದಲ್ಲಿ ಕೂತೆ.